ಒಂದೇ ಪೆಟ್ಟಿನ ಹೊಸ್ತಿಲು

ನಮ್ಮೂರಿನಲ್ಲಿ ಹಗ್ಗದ ಅಂಗಡಿ ಇಟ್ಟವರು ಉಪವಾಸ ಬಿದ್ದ ಉದಾಹರಣೆಯೇ ಇಲ್ಲ. ಬೇರೆ ಊರುಗಳಲ್ಲಿ ಹಸು, ಎಮ್ಮೆ, ದೋಣಿ, ಬಾವಿಯ ಕೊಡ ಇಂಥವಕ್ಕೆ ಹಗ್ಗ ಬೇಕಾಗುತ್ತದಂತೆ. ನಮ್ಮಲ್ಲಿ ಕಲ್ಲಿಗೆ ಬೇಕು. ರುಬ್ಬುವ ಕಲ್ಲಿಗೆ ತೆಂಗಿನ ನಾರಿನದು, ಬಟ್ಟೆ ಒಗೆಯುವ ಬಂಡೆಗೆ ಪುಂಡಿ ನಾರಿನದು, ಹೊಸ್ತಿಲಿಗೆ ಮಾತ್ರ ಕಬ್ಬಿಣದ ಸರಪಳಿ. ಅಪ್ಪನ ನಂತರ ಆ ಅಂಗಡಿಯಲ್ಲಿ ಕೂತವಳು ನಾನು, ನೀಲಾಂಬಿಕೆ. ಬಾಯಿ ಜೋರು ಅಂತ ಊರವರು ಹೇಳುತ್ತಾರೆ. ಇರಲಿ. ಕಲ್ಲು ಕಟ್ಟುವ ಊರಿನಲ್ಲಿ ಮೆತ್ತಗಿದ್ದವರ ಗಂಟು ನಿಲ್ಲುವುದಿಲ್ಲ.

ಊರಿನ ಹಿಂದೆ ಅಮೃತಶಿಲೆಯ ಗುಡ್ಡವಿದೆ. ಯಾವುದೋ ಕಾಲದಲ್ಲಿ ಯವನರು ಹಡಗಿನಲ್ಲಿ ಬಂದು, ಆ ಗುಡ್ಡವನ್ನು ಮೂರು ಕಡೆ ಬಗೆದು, ತಮ್ಮ ದೇವರುಗಳಿಗೆ ಬೇಕಾದಷ್ಟು ಕಲ್ಲು ಒಯ್ದು, ಮಿಕ್ಕಿದ್ದನ್ನು ಕಡಿದು ಇಟ್ಟ ಹಾಗೇ ಬಿಟ್ಟು ಹೋದರು. ಯಾಕೆ ಬಿಟ್ಟರೋ ಯಾರಿಗೂ ಗೊತ್ತಿಲ್ಲ. ಹಗ್ಗ ಸಾಲದೆ ಬಿಟ್ಟರು ಅಂತ ನಮ್ಮ ಅಪ್ಪ ಹೇಳುತ್ತಿದ್ದ. ಹಾಗೆ ಬಿಟ್ಟ ಚಪ್ಪಡಿಗಳೇ ಇವತ್ತು ನಮ್ಮ ಹೊಸ್ತಿಲು, ಒಗೆಯುವ ಬಂಡೆ, ಪುರಸಭೆಯ ಬೆಂಚು. ದೊಡ್ಡಬಾಯಿ ಅನ್ನುವ ಗುಂಡಿಯಲ್ಲಿ ಅವರು ಅರ್ಧ ಕೆತ್ತಿ ಬಿಟ್ಟ ಒಬ್ಬ ಗಂಡಸೂ ಅಂಗಾತ ಬಿದ್ದಿದ್ದಾನೆ. ಮೂಗಿದೆ, ಎದೆಯಿದೆ, ಸೊಂಟದಿಂದ ಕೆಳಗೆ ಇನ್ನೂ ಗುಡ್ಡ. ಅವನಿಗೆ ಮಲಗಿದ ಮಾವ ಅಂತ ಹೆಸರು. ಅಲ್ಲಾಡದೆ ಬಿದ್ದುಕೊಂಡಿರುವವನು ಅವನೊಬ್ಬನೇ. ಗುಡ್ಡದಿಂದ ಬೇರೆಯಾದ ಕಲ್ಲುಗಳೆಲ್ಲ ಕಟ್ಟು ಬಿಚ್ಚಿದರೆ ಸಾಕು, ತಾವು ಹುಟ್ಟಿದ ಗುಂಡಿಯ ಕಡೆಗೆ ಹೊರಡುತ್ತವೆ. ಓಡುವುದೇನಿಲ್ಲ. ಮದುವೆ ಮನೆಯಿಂದ ಹೊರಟ ನೆಂಟರ ಹಾಗೆ, ನಿಧಾನ.

ಅದಕ್ಕೆ ನಾವು ಒಗ್ಗಿಕೊಂಡಿದ್ದೇವೆ. ಪಕ್ಕದ ಮನೆಯ ರುಬ್ಬುಗುಂಡು ನಮ್ಮ ಹಿತ್ತಿಲಲ್ಲಿ ಸಿಕ್ಕರೆ ಬೈಯುವಂತಿಲ್ಲ, ಕುಂಕುಮ ಇಟ್ಟು ವಾಪಸ್ ಕಳಿಸಬೇಕು. ಪುರಸಭೆಯ ಬೆಂಚುಗಳನ್ನು ಕಟ್ಟುವುದು ಸಾರ್ವಜನಿಕರಿಗೆ ಅವಮಾನ ಅಂತ ಹಿಂದಿನ ಯಾರೋ ಅಧ್ಯಕ್ಷರು ಠರಾವು ಮಾಡಿದ್ದರಿಂದ ಅವು ಸ್ವತಂತ್ರವಾಗಿವೆ. ಮಧ್ಯಾಹ್ನ ಅವುಗಳ ಮೇಲೆ ನಿದ್ದೆ ಹೋದ ಮುದುಕರು ಏಳುವಷ್ಟರಲ್ಲಿ ಒಂದು ಮನೆಯಷ್ಟು ಮುಂದಕ್ಕೆ ಹೋಗಿರುತ್ತಾರೆ. ಬೆಂಚುಗಳನ್ನು ಮತ್ತೆ ಜಾಗಕ್ಕೆ ತಳ್ಳಿ ತರಲು ಒಬ್ಬ ನೌಕರನಿದ್ದಾನೆ. ಅವನೇ ಶಾಂತವೀರ.

ಶಾಂತವೀರನ ಭುಜ ಅಗಲ, ಮಾತು ಕಮ್ಮಿ. ಪ್ರತಿದಿನ ಬೆಳಗ್ಗೆ ನಮ್ಮ ಅಂಗಡಿಯ ಮುಂದೆ ಒಂದು ಬೆಂಚನ್ನು ಎದೆ ಕೊಟ್ಟು ತಳ್ಳುತ್ತಿದ್ದ. ಊರಿನ ಬೀದಿಗಳನ್ನೆಲ್ಲ ಬಿಟ್ಟು ಆ ಬೆಂಚು ನಮ್ಮ ಅಂಗಡಿಗೇ ಯಾಕೆ ಬರುತ್ತದೆ ಅಂತ ಒಂದು ದಿನ ಕೇಳಿಯೇಬಿಟ್ಟೆ.

"ಅದು ಬರಲ್ಲ," ಅಂದ, ನೆಲ ನೋಡುತ್ತ. "ನಾನೇ ಇಲ್ಲೀತನ ತಳ್ಕೊಂಡು ಬಂದು, ಆಮೇಲೆ ವಾಪಸ್ ತಳ್ತೀನಿ."

ನನ್ನನ್ನು ನೋಡಲು ಅಷ್ಟು ಭಾರ ತಳ್ಳಿಕೊಂಡು ಬರುವ ಗಂಡಸನ್ನು ಬಿಟ್ಟುಕೊಡುವಷ್ಟು ದಡ್ಡಿ ನಾನಲ್ಲ. ಮದುವೆಯಾದರೆ ಇವನನ್ನೇ ಅಂತ ಅವತ್ತೇ ಅವ್ವನಿಗೆ ಹೇಳಿದೆ. ಅವ್ವ ಕುಣಿದಾಡಿದಳು. ಅವನ ತಾಯಿಯೂ ಒಪ್ಪಿದಳು. ಉಳಿದದ್ದು ಹೊಸ್ತಿಲು ಬಿಡುವ ಶಾಸ್ತ್ರ ಒಂದೇ.

ನಮ್ಮೂರಿನಲ್ಲಿ ಜಾತಕ ಯಾರೂ ನೋಡುವುದಿಲ್ಲ. ಗಂಡಿನ ಮನೆಯ ಹೊಸ್ತಿಲನ್ನೂ ಹೆಣ್ಣಿನ ಮನೆಯ ಹೊಸ್ತಿಲನ್ನೂ ಕಿತ್ತು ತಂದು, ಚೌಕದಲ್ಲಿ ರಂಗೋಲಿಯ ಗೆರೆಯ ಮೇಲೆ ಪಕ್ಕಪಕ್ಕ ಇಟ್ಟು, ಸರಪಳಿ ಬಿಚ್ಚಿ ಊಟಕ್ಕೆ ಹೋಗುತ್ತಾರೆ. ಬೆಳಗ್ಗೆ ಬಂದು ನೋಡಿದಾಗ ಅವು ಬೇರೆ ಬೇರೆ ದಿಕ್ಕಿಗೆ ಹೊರಟಿದ್ದರೆ ಬೇರೆ ಬೇರೆ ಗುಂಡಿಯವರು, ಓಲಗ ಊದಿಸಬಹುದು. ಒಂದೇ ದಿಕ್ಕಿಗೆ ಹೊರಟಿದ್ದರೆ ಒಂದೇ ಗುಂಡಿಯವರು, ಅಣ್ಣತಂಗಿ, ಮದುವೆ ಇಲ್ಲ. ನಮ್ಮವು ಒಂದೇ ದಿಕ್ಕಿಗೆ, ದೊಡ್ಡಬಾಯಿಯ ಕಡೆಗೆ, ಜೊತೆಯಾಗಿ ಹೊರಟಿದ್ದವು.

ಊರಿನ ಯಜಮಾನ ಭರಮಪ್ಪ ಮೀಸೆ ಸವರಿಕೊಂಡು ತೀರ್ಪು ಕೊಟ್ಟ. "ಮುಗೀತು. ನೀಲವ್ವಾ, ಇವ್ನು ನಿಂಗೆ ಅಣ್ಣ ಆಗ್ಬೇಕು. ಹಚ್ಚಿದ ಅರಿಶಿಣ ತೊಳ್ಕೋ."

"ಯಜಮಾನ್ರೇ, ಅಣ್ಣ ಅಂತ ಒಬ್ಬ ಮನೇಲಿದ್ದಾನೆ. ಅವನೊಬ್ಬನಿಂದ್ಲೇ ಸಾಕಾಗಿದೆ ನಂಗೆ," ಅಂದೆ. ಎಲ್ಲರೂ ನಕ್ಕರು. ಶಾಂತವೀರ ಎರಡೂ ಹೊಸ್ತಿಲುಗಳನ್ನು ಒಬ್ಬನೇ ತಳ್ಳಿಕೊಂಡು ಹೋಗಿ ಅವರವರ ಮನೆಗೆ ಮುಟ್ಟಿಸಿದ. ಬರುವ ಹುಣ್ಣಿಮೆಗೆ, ಗುಡ್ಡದ ಇನ್ನೊಂದು ಮಗ್ಗುಲಿನ ಗುಂಡಿಯಾದ ಕಾಗೆಗುಂಡಿಯವರ ಹುಡುಗಿಯೊಬ್ಬಳ ಹೊಸ್ತಿಲಿನ ಪಕ್ಕ ಮಗನ ಹೊಸ್ತಿಲು ಇಡುವುದೆಂದು ಅವನ ತಾಯಿ ಅವತ್ತು ಸಂಜೆಯೇ ಮಾತು ಕೊಟ್ಟಳು. ಆ ಹುಡುಗಿಯ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಅವಳ ಮನೆಗೆ ಸ್ವಲ್ಪ ತುಕ್ಕು ಹಿಡಿದ ಸರಪಳಿ ಮಾರಿದ್ದು ಮಾತ್ರ ನಿಜ.

ಆ ವಾರವೇ ವ್ಯಾನಿನಲ್ಲಿ ಡಾಕ್ಟರ್ ಯಶೋಧರೆ ಬಂದರು. ಯವನರು ಕಲ್ಲು ಕಡಿದ ಬಗೆಯನ್ನು ಈ ಕಾಲದ ವಿಜ್ಞಾನದಿಂದ ಓದುವುದು ಅವರ ಕೆಲಸ. ಯವನರ ದ್ವೀಪಗಳಲ್ಲೆಲ್ಲ ಗಣಿ ಹತ್ತಿ ಇಳಿದು ಬಂದ ಹೆಂಗಸು, ಕೂದಲಿಗೂ ಪ್ಯಾಂಟಿಗೂ ಕಲ್ಲಿನ ಧೂಳು, ನಗು ಮಾತ್ರ ಲೋಟದ ಕಾಫಿ ಚೆಲ್ಲುವಷ್ಟು ದೊಡ್ಡದು. ಮಲಗಿದ ಮಾವನನ್ನು ನೋಡಿದ ಕೂಡಲೇ ಅವನ ಎದೆಯ ಮೇಲೆ ಕೈಯಿಟ್ಟು, "ಅಯ್ಯೋ, ನಿನ್ನ ತಮ್ಮಂದಿರನ್ನ ಅಲ್ಲಿ ದ್ವೀಪದಲ್ಲಿ ನೋಡಿ ಬಂದೆ ಕಣೋ, ಅವರೂ ಹೀಗೇ ಬಿದ್ಕೊಂಡಿದ್ದಾರೆ," ಅಂದರು. ನನಗೆ ಅವರು ಅಲ್ಲೇ ಹಿಡಿಸಿಬಿಟ್ಟರು. ಸಾಮಾನು ಹಿಡಿಯಲು ಜನ ಬೇಕು ಅಂದಾಗ ಅಂಗಡಿಯನ್ನು ಅವ್ವನಿಗೆ ಒಪ್ಪಿಸಿ ನಾನೇ ಹೋದೆ.

ಅವರ ಬಳಿ ಮೂರು ಕಾಲಿನ ಮೇಲೆ ನಿಲ್ಲುವ ಒಂದು ಯಂತ್ರವಿತ್ತು. ಅದು ಕೆಂಪು ಬೆಳಕನ್ನು ಗೋಡೆಯ ಮೇಲೆಲ್ಲ ಆಡಿಸಿ, ಯವನರ ಗುದ್ದಲಿ ಬಿದ್ದ ಒಂದೊಂದು ಗೀರನ್ನೂ ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸುತ್ತಿತ್ತು. ಗೀರಿನ ಓರೆ ನೋಡಿ, ಇವನು ಎಡಗೈಯವನು, ಇವನು ಗಿಡ್ಡ, ಇವನಿಗೆ ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿದೆ ಅಂತ ಡಾಕ್ಟರು ಹೇಳುತ್ತಿದ್ದರೆ, ಸತ್ತು ಎಷ್ಟೋ ಕಾಲವಾದ ಆ ಜನ ಬೆವರು ಒರೆಸಿಕೊಂಡು ನಮ್ಮ ಪಕ್ಕ ಕೂತಂತೆ ಆಗುತ್ತಿತ್ತು. ಇನ್ನೊಂದು ಯಂತ್ರ ವ್ಯಾನಿನೊಳಗೇ ಇತ್ತು. ಕಲ್ಲನ್ನು ಸಣ್ಣಗೆ ಕೊರೆದು, ಆ ಚಿಟಿಕೆ ಪುಡಿಗೆ ಆಮ್ಲ ಹಾಕಿದರೆ ಬುಸ್ಸೆಂದು ಗಾಳಿ ಏಳುತ್ತದೆ. ಆ ಗಾಳಿಯಲ್ಲಿ ಹಗುರದ ಕಾರ್ಬನ್ ಎಷ್ಟು, ಭಾರದ್ದು ಎಷ್ಟು ಅಂತ ಯಂತ್ರ ತೂಗುತ್ತದೆ. ಒಂದೊಂದು ಗಣಿಗೆ ಒಂದೊಂದು ಲೆಕ್ಕ ಬರುತ್ತದೆ. ದೂರದ ಊರಿನ ವಿಗ್ರಹದ ಮೂಗಿನ ಚೂರು ಸಿಕ್ಕರೂ ಅದು ಯಾವ ಗಣಿಯದು ಅಂತ ಹೇಳಬಹುದಂತೆ.

"ನಮ್ಮೂರಲ್ಲಿ ಮೂಗನ್ನ ಬಿಟ್ರೆ ಅದೇ ನಡ್ಕೊಂಡು ಹೋಗುತ್ತೆ ಬಿಡಿ," ಅಂದೆ. ಡಾಕ್ಟರು ಬಿದ್ದು ಬಿದ್ದು ನಕ್ಕರು. ಮರುದಿನ ಅವರ ಪುಡಿಯ ಸೀಸೆಗಳೆಲ್ಲ ಪೆಟ್ಟಿಗೆಯ ಒಂದೇ ಮೂಲೆಗೆ ಸೇರಿ ಗುಡ್ಡದ ಕಡೆ ಮುಖ ಮಾಡಿದ್ದನ್ನು ಕಂಡು, ನಗದೆ, ನಮ್ಮ ಅಂಗಡಿಗೆ ಬಂದು ಒಂದು ಉಂಡೆ ಹುರಿ ಕೊಂಡರು.

ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ದೊಡ್ಡಬಾಯಿಯ ಹಿಂದೆ, ಅದೇ ನೇರದಲ್ಲಿ, ದೀಪದ ಗುಂಡಿ ಇದೆ. ಯವನರು ಹಣತೆ ಹಚ್ಚಿಕೊಂಡು ಭೂಮಿಯೊಳಗೆ ಇಳಿದು ಕಲ್ಲು ಕಡಿದ ಜಾಗ ಅದು. ಚೌಕದಿಂದ ಹೊರಟ ಕಲ್ಲು ದೊಡ್ಡಬಾಯಿಗೆ ಹೊರಟಿದೆಯೋ, ಅದರಾಚೆಯ ದೀಪದ ಗುಂಡಿಗೆ ಹೊರಟಿದೆಯೋ, ನಮ್ಮ ಯಜಮಾನನ ಮೀಸೆಗೆ ಹೇಗೆ ಗೊತ್ತಾಗಬೇಕು? ನನ್ನದು ಒಂದರದು, ಶಾಂತವೀರನದು ಇನ್ನೊಂದರದು ಯಾಕಾಗಿರಬಾರದು? ಡಾಕ್ಟರ ಕೈ ಹಿಡಿದು ಎಲ್ಲ ಹೇಳಿದೆ.

"ನೋಡೇಬಿಡೋಣ," ಅಂದರು. "ಆದರೆ ನೀಲಾ, ಏನು ಬರುತ್ತೋ ಅದನ್ನೇ ಹೇಳ್ತೀನಿ. ನಿನಗೋಸ್ಕರ ಅಂತ ತಿರುಚಲ್ಲ."

"ತಿರುಚೋದು ನನ್ನ ಕಸುಬು, ಹಗ್ಗದ್ದು. ನೀವು ನಿಮ್ಮ ಕಸುಬು ಮಾಡಿ," ಅಂದೆ, ಭಾರಿ ಧೈರ್ಯದಿಂದ.

ಮೂರು ಗುಂಡಿಗಳಿಂದಲೂ ಪುಡಿ ತೆಗೆದೆವು, ಎರಡು ಹೊಸ್ತಿಲುಗಳಿಂದಲೂ ತೆಗೆದೆವು. ಸುದ್ದಿ ಹಬ್ಬಿ ಊರೆಲ್ಲ ವ್ಯಾನಿನ ಮುಂದೆ ನಿಂತಿತು. ಯಂತ್ರ ಗುಂಯ್‌ಗುಟ್ಟಿತು. ಡಾಕ್ಟರು ಪರದೆ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಆಮೇಲೆ ದೀಪದ ಗುಂಡಿಯೊಳಗೆ ತೆವಳಿಕೊಂಡು ಹೋಗಿ ಅಲ್ಲೆಲ್ಲ ಕೆಂಪು ಬೆಳಕು ಆಡಿಸಿ, ಮೈತುಂಬ ಬಿಳಿಯಾಗಿ ಹೊರಗೆ ಬಂದರು. ಬಂದವರು ಕುಣಿಯುತ್ತಿದ್ದರು.

"ಮೂರೂ ಒಂದೇ!" ಅಂತ ಕೂಗಿದರು. "ಒಂದೇ ಗಣಿ ಇದು! ಯವನರು ಒಳ್ಳೆ ಕಲ್ಲಿನ ಪದರ ಹಿಡ್ಕೊಂಡು ಗುಡ್ಡದ ಹೊಟ್ಟೆಯೊಳಗೇ ಕೊರೆದಿದ್ದಾರೆ. ನೀವು ನೋಡ್ತಿರೋದು ಮೂರು ಬಾಗಿಲು, ಮನೆ ಒಂದೇ!"

ಡಾಕ್ಟರಿಗೆ ಅದು ಅವರ ಬದುಕಿನ ದೊಡ್ಡ ಶೋಧ. ನಮಗೆ ಅದರ ಅರ್ಥ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಗುಂಡಿ ಒಂದೇ ಅಂದರೆ ಊರೆಲ್ಲ ಒಂದೇ ಗುಂಡಿಯವರು. ಒಂದೇ ಗುಂಡಿಯವರೆಂದರೆ ಅಣ್ಣತಂಗಿಯರು. ಭರಮಪ್ಪನ ಹೆಂಡತಿ ಹೊನ್ನವ್ವನಿಗೆ ಎಲ್ಲರಿಗಿಂತ ಮೊದಲು ಹೊಳೆಯಿತು. ಸೆರಗು ಸೊಂಟಕ್ಕೆ ಸಿಗಿಸಿ ಗಂಡನ ಕಡೆ ತಿರುಗಿದಳು.

"ಏನ್ರೀ! ಹಂಗಾದ್ರೆ ಇಷ್ಟು ವರ್ಷ ನಾನು ನಮ್ಮಣ್ಣನಿಗೆ ಮುದ್ದೆ ತಿರುವಿ ಹಾಕಿದ್ನಾ? ಇವತ್ತಿನಿಂದ ನಿಮ್ಮ ಮುದ್ದೆ ನೀವೇ ತಿರುವ್ಕೊಳ್ಳಿ. ತಂಗಿ ತವರುಮನೇಲಿ ಕೂತು ಉಣ್ಣೋಳು."

ಆ ದಿನಗಳನ್ನು ನೆನೆದರೆ ಈಗಲೂ ಪಕ್ಕೆ ಹಿಡಿದುಕೊಳ್ಳುತ್ತೇನೆ. ಊರಿಗೆ ಹುಚ್ಚು ಹಿಡಿದಿತ್ತು. ಸಂತೆಯಲ್ಲಿ ಗಂಡಂದಿರನ್ನು ಹೆಂಡತಿಯರು "ಅಣ್ಣಯ್ಯಾ, ಬದನೆಕಾಯಿ ತಗೋ" ಅಂತ ಕೂಗಿ ಕರೆಯುತ್ತಿದ್ದರು. ಸಾಲಾಗಿ ನಮ್ಮ ಅಂಗಡಿಗೆ ಬಂದು ಬಣ್ಣದ ಹುರಿ ಕೊಂಡು, ಮನೆಗೆ ಹೋಗಿ ಗಂಡನ ಮಣಿಕಟ್ಟಿಗೆ ರಾಖಿ ಕಟ್ಟಿ, ಕಾಣಿಕೆ ಎಲ್ಲಿ ಅಂತ ಪೀಡಿಸುತ್ತಿದ್ದರು. ಅತ್ತೆಯರು ಸೊಸೆಯರನ್ನು ಮಗಳೇ ಅನ್ನಬೇಕೋ ಬೇಡವೋ ಅಂತ ಜಗಳ ತೆಗೆದರು. ಯಾವ ಮನೆಯಲ್ಲೂ ಯಾರೂ ಯಾರನ್ನೂ ಬಿಡಲಿಲ್ಲ ಅನ್ನುವುದು ಬೇರೆ ಮಾತು. ಬೆಳಗ್ಗೆ ರಾಖಿ, ಸಂಜೆ ಮಲ್ಲಿಗೆ. ಭರಮಪ್ಪನೊಬ್ಬನೇ ಬಡವಾದ; ಅವನು ತಿರುವಿದ ಮುದ್ದೆಯನ್ನು ಅವನ ನಾಯಿಯೂ ಮೂಸಿ ನೋಡಿ ಹೋಗುತ್ತಿತ್ತು.

ಆದರೆ ಹುಣ್ಣಿಮೆ ಹತ್ತಿರ ಬರುತ್ತಿತ್ತು, ನನ್ನ ಮದುವೆ ಮಾತ್ರ ಹತ್ತಿರ ಬಂದಿರಲಿಲ್ಲ. ಭರಮಪ್ಪ ಹಟ ಬಿಡಲಿಲ್ಲ. "ಆಗಿದ್ದು ಆಗೋಯ್ತು, ಹಳೇ ಮದುವೆಗಳು ಹಂಗೇ ಇರ್ಲಿ. ಹೊಸದು ಮಾತ್ರ ದಿಕ್ಕು ನೋಡೇ ಆಗ್ಬೇಕು," ಅಂದ. ಊರಿಗೆಲ್ಲ ಮಾಫಿ, ನನಗೊಬ್ಬಳಿಗೆ ಕಾನೂನು! ಅಂಗಡಿಯಲ್ಲಿ ಕೂತು ಹೊಸೆದ ಹಗ್ಗವನ್ನೇ ಬಿಚ್ಚಿ ಬಿಚ್ಚಿ ಹೊಸೆದೆ. ಶಾಂತವೀರ ಬೆಂಚು ತಳ್ಳಿಕೊಂಡು ಬಂದು ನಿಂತ. "ನೀನು ಹೂಂ ಅಂದ್ರೆ ಈ ಬೆಂಚಿನ ಮೇಲೇ ಕೂತು ಊರು ಬಿಟ್ಟು ಹೋಗೋಣ," ಅಂದ. ಅವನ ಬದುಕಿನಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು. "ಅದು ಗುಡ್ಡಕ್ಕೆ ಹೋಗುತ್ತೆ ಕಣೋ, ಊರಾಚೆಗಲ್ಲ," ಅಂದೆ. ಅಳುತ್ತಲೇ ಇಬ್ಬರೂ ನಕ್ಕೆವು.

ಆಗ ಡಾಕ್ಟರು ವ್ಯಾನಿನಿಂದ ಕೂಗಿ ಕರೆದರು. ನಮ್ಮೆರಡು ಹೊಸ್ತಿಲುಗಳ ಗೀರುಗಳನ್ನೂ ಅವರು ಬೆಳಕು ಹಾಯಿಸಿ ಎತ್ತಿಕೊಂಡಿದ್ದರು. ಪರದೆಯ ಮೇಲೆ ಎರಡು ಕಲ್ಲುಗಳು ತಿರುಗುತ್ತಿದ್ದವು. ನನ್ನ ಕಲ್ಲಿನ ತುದಿಯಲ್ಲಿ ಒಂದು ಗೀರು ಅರ್ಧಕ್ಕೆ ನಿಂತಿತ್ತು; ಶಾಂತವೀರನ ಕಲ್ಲಿನ ತುದಿಯಲ್ಲಿ ಒಂದು ಗೀರು ಅರ್ಧದಿಂದ ಶುರುವಾಗಿತ್ತು. ಡಾಕ್ಟರು ಬೆರಳಿನಿಂದ ಒಂದನ್ನು ಇನ್ನೊಂದರ ಪಕ್ಕಕ್ಕೆ ಎಳೆದರು. ಒಂದೇ ಗೀರಾಯಿತು.

"ಒಂದೇ ಪೆಟ್ಟು," ಅಂದರು ಮೆಲ್ಲಗೆ. "ಯಾವನೋ ಯವನ ಒಂದು ಸಲ ಗುದ್ದಲಿ ಬೀಸಿದ್ದು ನಿನ್ನ ಕಲ್ಲಲ್ಲಿ ಶುರುವಾಗಿ ಅವನ ಕಲ್ಲಲ್ಲಿ ಮುಗಿದಿದೆ. ಆಮೇಲೆ ನಡುವೆ ಬೆಣೆ ಹೊಡೆದು ಸೀಳಿದ್ದಾರೆ. ಇವೆರಡೂ ಒಂದೇ ಕಲ್ಲು ಕಣೇ."

ನಾನು ಪರದೆಗೆ ಅಡ್ಡ ನಿಂತೆ. "ಅಣ್ಣತಂಗಿ ಅನ್ನೋದ್ರಿಂದ ತಪ್ಪಿಸ್ಕೊಳ್ಳೋಕೆ ಬಂದ್ರೆ ಅವಳಿ ಮಾಡಿಬಿಟ್ರಲ್ಲ ಡಾಕ್ಟ್ರೇ! ಯಾರಿಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ."

ಹೇಳಬೇಕಾಗಿಯೇ ಬರಲಿಲ್ಲ. ವ್ಯಾನಿನ ಹಿಂದೆ ನಿಂತು ಹುರಿಗಡಲೆ ತಿನ್ನುತ್ತಿದ್ದ ಭರಮಪ್ಪ ಎಲ್ಲ ಕೇಳಿಸಿಕೊಂಡಿದ್ದ. "ಅವಳಿ! ನಾ ಹೇಳ್ಲಿಲ್ವಾ!" ಅಂತ ಚೌಕದ ಕಡೆ ಹೊರಟ. ಡಾಕ್ಟರು ಅವನ ಹಿಂದೆಯೇ ಓಡಿದರು.

"ಯಜಮಾನ್ರೇ, ಒಂದು ಮಾತು. ಮೊದಲ ಸಲ ಬಿಟ್ಟಾಗ ಈ ಸೀಳಿದ ತುದಿಗಳು ಯಾವ ಕಡೆಗಿದ್ವು?"

ಭರಮಪ್ಪ ಯೋಚಿಸಿದ. ಹೊಸ್ತಿಲನ್ನು ಪಕ್ಕಪಕ್ಕ ಇಡುವಾಗ ಸೀಳಿದ ಒರಟು ತುದಿ ಹೊರಗೆ, ನಯವಾದದ್ದು ಒಳಗೆ ಇಡುವುದು ಪದ್ಧತಿ, ನೋಡಲು ಲಕ್ಷಣವಾಗಿರಲಿ ಅಂತ. ಅಂದರೆ ಅವೆರಡನ್ನೂ ಒಂದಕ್ಕೊಂದು ಬೆನ್ನು ಹಾಕಿಸಿ ಕೂರಿಸಿದ್ದೆವು.

"ಈ ಸಲ ಸೀಳಿದ ತುದಿ ಎದುರುಬದುರು ಇಡೋಣ," ಅಂದರು ಡಾಕ್ಟರು. "ಚೌಕದ ಆ ತುದಿಗೊಂದು, ಈ ತುದಿಗೊಂದು. ನನ್ನ ಯಂತ್ರ ಅಳೀತಾ ಇರಲಿ. ಗುಡ್ಡಕ್ಕೇ ಹೋದ್ರೆ ನೀವು ಹೇಳಿದ್ದೇ ಸರಿ, ನಾನು ಬಾಯಿ ಮುಚ್ಕೋತೀನಿ."

"ಬೇಡ," ಅಂದ ಭರಮಪ್ಪ.

"ಹಂಗಾದ್ರೆ ಅಣ್ಣಯ್ಯ ಜನ್ಮಪೂರ್ತಿ ಮುದ್ದೆ ತಿರುವ್ಲಿ," ಅಂದಳು ಚೌಕದಂಚಿನ ತಮ್ಮ ಮನೆಯ ಜಗಲಿಯಿಂದ ಹೊನ್ನವ್ವ. ಭರಮಪ್ಪ ಒಪ್ಪಿದ.

ಹುಣ್ಣಿಮೆಯ ದಿನವೇ ಸಂಜೆ, ಕಾಗೆಗುಂಡಿ ಹುಡುಗಿಯ ಹೊಸ್ತಿಲು ಬರಬೇಕಾದ ಹೊತ್ತಿಗೆ, ನಮ್ಮೆರಡನ್ನೂ ಬಿಟ್ಟರು. ಆ ಹುಡುಗಿಯ ಮನೆಯ ಸರಪಳಿ ಬೆಳಗ್ಗೆಯೇ ಕಿತ್ತು, ಅವರ ಹೊಸ್ತಿಲು ಯಾರಿಗೂ ಹೇಳದೆ ಹೊರಟುಹೋಗಿತ್ತು. ಅವಳಪ್ಪ ಅದನ್ನು ಹುಡುಕಲು ಹೋದವನು ಇನ್ನೂ ಬಂದಿರಲಿಲ್ಲ. ನಾನು ಆಕಾಶ ನೋಡಿಕೊಂಡು ನಿಂತಿದ್ದೆ.

ಬೆಳಗ್ಗೆ ಊರು ಹಲ್ಲುಜ್ಜದೆ ಚೌಕಕ್ಕೆ ಬಂದಿತು. ಚೌಕದ ಆ ತುದಿಯಲ್ಲಿ ಕಲ್ಲಿರಲಿಲ್ಲ, ಈ ತುದಿಯಲ್ಲೂ ಇರಲಿಲ್ಲ. ಗುಡ್ಡದ ದಾರಿಯಲ್ಲೂ ಇರಲಿಲ್ಲ. ನಟ್ಟನಡುವೆ, ರಂಗೋಲಿಯ ಮೇಲೆ, ಒಂದೇ ಒಂದು ಉದ್ದನೆಯ ಬಿಳಿ ಚಪ್ಪಡಿ ಬಿದ್ದಿತ್ತು. ನಾನು ಮಂಡಿಯೂರಿ ಕೂತು ಬೆರಳಾಡಿಸಿದೆ. ಸೇರಿದ ಜಾಗ ಎಲ್ಲಿ ಅಂತ ಉಗುರಿಗೂ ಸಿಗಲಿಲ್ಲ. ಮೇಲೆ ಆ ಯವನನ ಪೆಟ್ಟು ಮಾತ್ರ ಪೂರ್ತಿಯಾಗಿ, ಈಗ ತಾನೇ ಬೀಸಿ ಮುಗಿಸಿದ ಹಾಗೆ ಕಾಣುತ್ತಿತ್ತು.

"ನಿಮ್ಮೂರ ಕಲ್ಲುಗಳು ಗುಂಡಿ ಹುಡುಕ್ಕೊಂಡು ಹೋಗ್ತಾನೇ ಇರಲಿಲ್ಲ," ಅಂದರು ಡಾಕ್ಟರು. "ಯಾವುದರಿಂದ ಬೇರೆ ಮಾಡಿದ್ರೋ ಅದರ ಹತ್ರ ಹೋಗ್ತಿದ್ವು. ಎಲ್ಲ ಕಲ್ಲಿನ ಜೊತೆಗಾರ ಗುಡ್ಡದಲ್ಲಿದೆ, ಅದಕ್ಕೇ ಗುಡ್ಡಕ್ಕೆ ಹೋಗ್ತವೆ. ಇವೆರಡರ ಜೊತೆಗಾರ ಮಾತ್ರ ಊರಲ್ಲೇ ಇತ್ತು. ಮೊದಲ ಸಲ ಬೆನ್ನು ಹಾಕಿಸಿ ಕೂರಿಸಿದ್ದಕ್ಕೆ, ಪಕ್ಕದಲ್ಲೇ ಇದ್ರೂ ಗೊತ್ತಾಗದೆ ಗುಡ್ಡದ ಕಡೆ ಹುಡುಕೋಕೆ ಹೊರಟಿದ್ವು."

ಭರಮಪ್ಪ ಹಾರೆ ತರಿಸಿದ, ಚಾಣ ತರಿಸಿದ. ಹಾರೆ ಬಗ್ಗಿತು. ಎತ್ತಿ ಒಯ್ಯಲು ಗಟ್ಟಿಮುಟ್ಟಾದವರೆಲ್ಲ ಕೈ ಹಾಕಿದರು, ಅದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಶಾಂತವೀರನಿಗೆ ತಳ್ಳಲು ಹೇಳಿದರು. ಅವನು ಭುಜ ಕೊಟ್ಟ, ಕಣ್ಣು ಮುಚ್ಚಿದ, ಸ್ವಲ್ಪವೂ ತಳ್ಳಲಿಲ್ಲ. ನನಗೆ ಕಾಣಿಸಿತು.

ಅಷ್ಟರಲ್ಲಿ ನಮ್ಮವ್ವ, ಅವನ ತಾಯಿ ಇಬ್ಬರೂ ಶುರು ಹಚ್ಚಿಕೊಂಡಿದ್ದರು. ನಮ್ಮ ಮನೆಗೆ ಹೊಸ್ತಿಲಿಲ್ಲದಂತಾಯಿತು ಅಂತ ಇವಳು, ನಮ್ಮ ಮನೆ ಬಾಗಿಲು ಬಾಯಿ ಬಿಟ್ಟುಕೊಂಡಿದೆ ಅಂತ ಅವಳು, ಯಜಮಾನನೇ ದಾರಿ ತೋರಿಸಬೇಕು ಅಂತ ಇಬ್ಬರೂ. ಭರಮಪ್ಪ ಒಮ್ಮೆ ಕಲ್ಲು ನೋಡಿದ, ಒಮ್ಮೆ ಜಗಲಿಯ ಮೇಲಿದ್ದ ಹೊನ್ನವ್ವನನ್ನು ನೋಡಿದ.

"ಏನ್ ನೋಡ್ತೀರಿ?" ಅಂದಳು ಹೊನ್ನವ್ವ. "ಅಣ್ಣತಂಗಿ ಆಗಿದ್ರೆ ಇಷ್ಟೊತ್ತಿಗೆ ಜಾಗಕ್ಕೆ ಕಿತ್ತಾಡ್ಕೊಂಡು ಒಂದು ಮೂಡಕ್ಕೆ, ಒಂದು ಪಡುವಕ್ಕೆ ಹೋಗಿರ್ತಿದ್ವು. ಹಿಂಗೆ ಅಂಟ್ಕೊಳ್ಳೋರು ಗಂಡಹೆಂಡ್ತಿನೇ. ಹೊಸ್ತಿಲು ಒಂದಾದ ಮೇಲೆ ಮನೆ ಒಂದಾಗ್ಬೇಕಲ್ವಾ? ಓಲಗದವರನ್ನ ಕರೀರಿ. ನಾನು ಒಳಗೆ ಹೋಗಿ ಮುದ್ದೆಗೆ ಎಸರಿಡ್ತೀನಿ."

ಮುದ್ದೆ ಅನ್ನುವ ಮಾತು ಕೇಳಿ ಭರಮಪ್ಪನ ಕಣ್ಣಲ್ಲಿ ನೀರು ಬಂದಿತು. "ಓಲಗ!" ಅಂತ ಕೂಗಿದ. ಕಲ್ಲು ಕದಲದ್ದರಿಂದ ಮದುವೆ ಅದರ ಮೇಲೆಯೇ ಆಯಿತು. ಡಾಕ್ಟರು ಅಕ್ಷತೆ ಎಸೆದು, ನೆಂಟರ ಜೊತೆ ಕುಣಿದು, ಮರುದಿನ ಪುಡಿಯ ಸೀಸೆಗಳನ್ನು ನಮ್ಮ ಹುರಿಯಲ್ಲಿ ಬಿಗಿದುಕೊಂಡು ಹೊರಟರು. ಮಲಗಿದ ಮಾವನ ಹತ್ತಿರ ಹೋಗಿ ಹೇಳಿಬರುವುದನ್ನು ಮರೆಯಲಿಲ್ಲ. ಕಾಗೆಗುಂಡಿಯ ಹುಡುಗಿಗೆ ನಾನೇ ಹೊಸ ಸರಪಳಿ ಉಡುಗೊರೆ ಕೊಟ್ಟೆ, ಒಳ್ಳೆಯದು.

ನಮ್ಮ ಮನೆ ಈಗ ಚೌಕದ ನಟ್ಟನಡುವೆ ಇದೆ. ಹೊಸ್ತಿಲು ಇದ್ದಲ್ಲೇ ಮನೆ ಕಟ್ಟಬೇಕಾಯಿತು, ಗಾಡಿಗಳು ಸುತ್ತು ಹಾಕಿಕೊಂಡು ಹೋಗುತ್ತವೆ, ಗಾಡಿಯವರು ಬೈಯುತ್ತಾರೆ. ಊರಿಗೆಲ್ಲ ಹಗ್ಗ ಮಾರುವವಳ ಹೊಸ್ತಿಲಿಗೆ ಹಗ್ಗವಿಲ್ಲ ಅಂತ ಬಂದವರೆಲ್ಲ ಬಗ್ಗಿ ನೋಡಿ ಹೋಗುತ್ತಾರೆ. ಮೊದಲ ದಿನ ನಾನು ಸರಪಳಿ ತಂದದ್ದು ನಿಜ. ಅಭ್ಯಾಸ. ಶಾಂತವೀರ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟುಬಂದ.

ಅವನಿಗೂ ಅಭ್ಯಾಸ ಹೋಗಿಲ್ಲ. ಇವತ್ತಿಗೂ ಬೆಳಗ್ಗೆ ಎದ್ದವನು ಬೆಂಚು ತಳ್ಳಲು ಹೊರಡುವ ಮುನ್ನ ನಮ್ಮ ಹೊಸ್ತಿಲಿನ ಪಕ್ಕ ಕೂತು, ನೆಲಕ್ಕೆ ಕಣ್ಣಿಟ್ಟು, ಆ ಪೆಟ್ಟಿನ ಗೀರಿನ ಮೇಲೆ ಬೆರಳಾಡಿಸಿ, ಆಮೇಲೆ ಒಳಗೆ ಬಂದು ಊರಿಗೇ ಹೊಸ ಸುದ್ದಿ ತಂದವನ ಹಾಗೆ ಹೇಳುತ್ತಾನೆ.

"ಇವತ್ತೂ ಹೋಗಿಲ್ಲ ಕಣೇ."

"ಇನ್ನೆಲ್ಲಿಗೆ ಹೋಗುತ್ತೆ?" ಅನ್ನುತ್ತೇನೆ. ಅಷ್ಟರಲ್ಲಿ ಕಾಫಿ ಆರಿರುತ್ತದೆ, ಮತ್ತೆ ಬಿಸಿ ಮಾಡಿ ಕೊಡುತ್ತೇನೆ.